ಯಾರೂ ಬಾರದ ಪಾಯಿಂಟು

ನನ್ನ ಗಂಡನ ಬಾಯಿಗೆ ಒಂದು ಬೀಗ ಹಾಕಿಸಬೇಕು ಎಂದು ಮದುವೆಯಾದ ಹೊಸದರಲ್ಲೇ ನನಗೆ ಅನಿಸಿತ್ತು. ಕೆಟ್ಟದ್ದು ಮಾತಾಡುವ ಬಾಯಲ್ಲ ಅದು. ಕರೆಯುವ ಬಾಯಿ. ಊಟಕ್ಕೆ ಕುಳಿತಾಗ ಬಾಗಿಲ ಮುಂದೆ ಯಾರು ಹಾದುಹೋದರೂ "ಬರ್ರಿ, ಊಟ ಮಾಡಬರ್ರಿ" ಎನ್ನಲೇಬೇಕು. ನಮ್ಮ ಜೇವರ್ಗಿಯಲ್ಲಿ ಎಲ್ಲರೂ ಹಾಗೆ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಅದು ಬಾಯುಪಚಾರ ಎಂದು ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. "ಈಗ ಆತ್ರಿ, ನೀವು ಮಾಡ್ರಿ" ಎಂದು ಅವರು ಮುಂದೆ ಹೋಗುತ್ತಾರೆ, ನಾವು ತುತ್ತು ಎತ್ತುತ್ತೇವೆ. ಆದರೆ ಇವರು ಕರೆದರೆ ಜನ ನಿಜವಾಗಿಯೂ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಆ ದನಿಯಲ್ಲಿ ಅದೇನು ಕಳಕಳಿಯೋ, ಅದೇನು ಬೆಲ್ಲವೋ ನನಗಂತೂ ತಿಳಿದಿಲ್ಲ. ಬಂದವರಿಗೆ ಮತ್ತೆ ಹಂಚು ಇಟ್ಟು ರೊಟ್ಟಿ ಬಡಿಯುವವಳು ಮಾತ್ರ ನಾನು.

ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ. ಗಂಡನ ಜೊತೆ ಒಂದು ತಾಸು, ನಾವಿಬ್ಬರೇ. ಮಕ್ಕಳಾಗಲಿಲ್ಲವೆಂದು ಕಲಬುರಗಿ, ಸೊಲ್ಲಾಪುರ, ಕಡೆಗೆ ಹೈದರಾಬಾದು ಎಂದು ದವಾಖಾನೆ ಎಡತಾಕುತ್ತ ವರ್ಷಗಳೇ ಕಳೆದಿದ್ದವು. ಹೊಟ್ಟೆಗೆ ಚುಚ್ಚಿಸಿಕೊಂಡ ಸೂಜಿಗಳಿಗೆ ಲೆಕ್ಕವಿಲ್ಲ. ಎರಡು ಸಲ ಬಸಿರು ನಿಂತಂತೆ ಮಾಡಿ ಹೋಗಿತ್ತು. ಹೈದರಾಬಾದಿನ ಡಾಕ್ಟರಮ್ಮ ಇನ್ನೊಂದು ಸಲ ಪ್ರಯತ್ನ ಮಾಡೋಣ, ಜೂನಿನಲ್ಲಿ ಬನ್ನಿ ಎಂದಿದ್ದರು. ನಾನು ತಲೆಯಾಡಿಸಿ ಬಂದಿದ್ದೆ. ಆದರೆ ವಾಪಸು ಬರುವ ರೈಲಿನಲ್ಲೇ ನನ್ನೊಳಗೆ ತೀರ್ಮಾನವಾಗಿಹೋಗಿತ್ತು: ಇನ್ನು ಸಾಕು, ನಾನು ಬರುವುದಿಲ್ಲ. ಇದನ್ನು ಗಂಡನಿಗೆ ಹೇಳಬೇಕಿತ್ತು. ಅವರಿಗೆ ಮಾತ್ರ, ಮೊದಲು ಅವರಿಗೆ.

ಹೇಳಲು ಜಾಗವೆಲ್ಲಿದೆ? ಇವರದು ಹೆದ್ದಾರಿಯ ಮೇಲೆ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ. ಬೆಳಗಿನಿಂದ ಗೊಬ್ಬರದ ಚೀಲಗಳ ಮೇಲೆ ಒಬ್ಬರಲ್ಲ ಒಬ್ಬರು ಕುಳಿತೇ ಇರುತ್ತಾರೆ. ಮನೆಯಲ್ಲಿ ನಮ್ಮ ಕೋಣೆಯೊಳಗೇ ಇನ್ವರ್ಟರು, ನಮ್ಮ ಕೋಣೆಯೊಳಗೇ ಮನೆಯವರೆಲ್ಲರ ಫೋನಿನ ಚಾರ್ಜರು. ಬಾಗಿಲು ಎಳೆದುಕೊಂಡರೆ ಯಾರಾದರೂ "ಏನ್ ಮಾಡಾಕತ್ತೀರಿ?" ಎಂದು ಕೇಳುತ್ತಲೇ ಒಳಗೆ ಬರುತ್ತಾರೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಸಾಲಾಗಿ ಹಾಸಿಕೊಂಡು ಮಲಗುವುದು. ಅಲ್ಲಿ ಪಿಸುಗುಟ್ಟಿದರೆ ಆಚೆ ಮನೆಯ ಮಾಳಿಗೆಯವರು ಹೂಂಗುಟ್ಟುತ್ತಾರೆ. ಈ ಮನೆಯಲ್ಲಿ ಗಂಡಹೆಂಡತಿ ಅಂತ ಎರಡೇ ಜನ ಇರುವ ಜಾಗವೇ ಇಲ್ಲ ಎಂದು ನನಗೆ ರೋಸಿಹೋಗಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಏಪ್ರಿಲ್‌ನಲ್ಲಿ ನನಗೆ ರಜೆ, ಮಳೆ ಬರುವವರೆಗೆ ಇವರಿಗೂ ವ್ಯಾಪಾರ ಕಡಿಮೆ. ಒಂದು ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಹೇಳಿದೆ: "ಏನ್ರಿ, ಈ ಸಲ ಮಹಾಬಳೇಶ್ವರಕ್ಕ ಹೋಗಿ ಬರೂಣ. ತಂಪದ ಅಂತಾರ. ನಾವಿಬ್ಬರೇ ಹೋಗೂಣ. ನಿಮ್ಮ ಕೂಡ ಒಂದು ಮಾತಾಡೂದದ."

ಇವರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ನನ್ನ ಮುಖ ನೋಡಲಿಲ್ಲ. "ಹೂಂ, ಹೋಗೂಣೇಳು" ಎಂದರು.

ಅಂದಿನಿಂದ ನಾನು ಫೋನ್ ಹಿಡಿದು ಕುಳಿತೆ. ಆ ಊರಿಗೆ ಬೇಸಿಗೆಯಲ್ಲಿ ಅರ್ಧ ಮಹಾರಾಷ್ಟ್ರವೇ ಹತ್ತಿಕೊಂಡು ಹೋಗುತ್ತದೆ ಎಂಬುದು ಗೊತ್ತಿತ್ತು. ಎಲ್ಲರೂ ನೋಡುವ ಪಾಯಿಂಟುಗಳು ನನಗೆ ಬೇಡವಾಗಿದ್ದವು; ಜನ ಕಾಲಿಡದ ಒಂದು ಮೂಲೆ ಬೇಕಿತ್ತು. ವಿಡಿಯೊಗಳಿಗೇನು ಬರವೇ? "ಯಾರಿಗೂ ಗೊತ್ತಿಲ್ಲದ ಜಾಗ", "ಟೂರಿಸ್ಟರು ನೋಡದ ಕಣಿವೆ", "ಗುಪ್ತ ಜಲಪಾತ". ಒಬ್ಬ ಹುಡುಗ ಬಂಡೆಯ ಮೇಲೆ ಒಬ್ಬನೇ ನಿಂತು ಕೈ ಚಾಚಿದ್ದ, ಹಿಂದೆ ಮೋಡ. ಅದನ್ನು ಲಕ್ಷಗಟ್ಟಲೆ ಜನ ನೋಡಿದ್ದಾರೆ ಎಂದು ಕೆಳಗೇ ಬರೆದಿತ್ತು. ಅಷ್ಟು ಜನ ನೋಡಿದ ಮೇಲೆ ಅದು ಯಾರಿಗೂ ಗೊತ್ತಿಲ್ಲದ ಜಾಗ ಹೇಗಾದೀತು ಎಂಬ ಸಾಮಾನ್ಯ ಬುದ್ಧಿ ಈ ವಿಜ್ಞಾನದ ಟೀಚರಿಗೆ ಆಗ ಹೊಳೆಯಲಿಲ್ಲ. ಆ ಬಂಡೆಯ ಮೇಲೆ ಕೂತು ಏನು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಇವರ ಬಾಯಿ ತನ್ನ ಕೆಲಸ ಶುರು ಮಾಡಿತು. ಮೊದಲು ಅತ್ತೆಗೆ "ಅವ್ವಾ, ನೀನೂ ಬಾ" ಎಂದರು. ಇರಲಿ, ತಾಯಿ. ವಾರದೊಳಗೆ ಗೊಬ್ಬೂರಿನಿಂದ ಇವರ ಕಾಕಾ ಹತ್ತಿಬೀಜ ವಿಚಾರಿಸಲು ಅಂಗಡಿಗೆ ಬಂದರು. "ಕಾಕಾ, ಮಹಾಬಳೇಶ್ವರಕ್ಕ ಹೊಂಟೀವಿ, ನೀವೂ ಬರ್ರಿ." ಕಾಕಾ ಬೇಡ ಎನ್ನುವ ಮನುಷ್ಯನೇ? "ಬರ್ತೇನಿ ತಗೋ, ನಿಮ್ಮ ಕಾಕೂನೂ ಎಂದೂ ಎಲ್ಲೂ ಹೋಗಿಲ್ಲ" ಎಂದರು. ಆಮೇಲೆ ನೆಲೋಗಿಯ ನಾದಿನಿಗೆ ಫೋನು. ಅವಳೂ ಅವಳ ಎರಡು ಮಕ್ಕಳೂ ತಯಾರು. ಆಳಂದದ ಬೀಗರನ್ನೂ ಕರೆದಿದ್ದರಂತೆ. ಅವರ ಮನೆಯಲ್ಲಿ ಅದೇ ವಾರ ಮದುವೆ ಇದ್ದದ್ದು ನನ್ನ ಪುಣ್ಯ. ಬಾಡಿಗೆಗೆ ಹೇಳಿದ್ದ ಸಣ್ಣ ಕಾರು ಹೋಗಿ ಕ್ರೂಸರ್ ಗಾಡಿ ಗೊತ್ತಾಯಿತು.

ನನ್ನ ಮೈಯೆಲ್ಲ ಉರಿದುಹೋಯಿತು. "ನಾವಿಬ್ಬರೇ ಅಂದಿದ್ನೆಲ್ರಿ. ಎಲ್ಲಾರನ್ನೂ ಯಾಕ ಕರೀತೀರಿ?"

"ಬಾಯಿಮಾತಿಗೆ ಅಂದೆ. ಖರೇನೇ ಬರ್ತಾರಂತ ನನಗೇನ್ ಗೊತ್ತು?"

"ನಿಮಗ ಗೊತ್ತಿಲ್ಲ? ನೀವು ಕರದ್ರ ಬರಲಾರದವರು ಯಾರದಾರ ಈ ತಾಲೂಕದಾಗ?"

ಇವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟೇಹೋದರು. ನಾನು ಅಡುಗೆಮನೆಯಲ್ಲಿ ಡಬ್ಬಿಗಳನ್ನು ದಬದಬ ಇಟ್ಟೆ. ನನ್ನ ಸಿಟ್ಟು ಆ ಮನೆಯಲ್ಲಿ ಡಬ್ಬಿಗಳಿಗಷ್ಟೇ ಗೊತ್ತಾಗುವುದು.

ಹೊರಡುವ ಮುಂಚೆ ನಾನೂ ಅತ್ತೆಯೂ ಎರಡು ದಿನ ಖಡಕ್ ರೊಟ್ಟಿ ಬಡಿದೆವು. ಧೋತರದ ಅರಿವೆಯಲ್ಲಿ ರೊಟ್ಟಿಯ ಗಂಟು, ಡಬ್ಬಿಯಲ್ಲಿ ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಒಂದು ಮಡಕೆ ಮೊಸರು. ಸೊಲ್ಲಾಪುರ ದಾಟಿ, ಪಂಢರಪುರ ದಾಟಿ, ಒಂದು ಹುಣಸೆಮರದ ಕೆಳಗೆ ಗಂಟು ಬಿಚ್ಚಿದೆವು. ಅಲ್ಲಿ ಪಂಕ್ಚರ್ ಹಾಕುತ್ತಿದ್ದವನನ್ನೂ ಇವರು ಊಟಕ್ಕೆ ಕರೆದರು. ಅವನೂ ಬಂದ. ವಾಯಿ ಎಂಬ ಊರು ದಾಟಿ ಘಾಟ್ ಹತ್ತುವಾಗ ನಾದಿನಿಯ ಮಕ್ಕಳು ಸರದಿಯ ಮೇಲೆ ವಾಂತಿ ಮಾಡಿಕೊಂಡವು, ನನ್ನ ಹೊಸ ಸೀರೆಯ ಮೇಲೆಯೇ.

ಬೆಟ್ಟದ ಮೇಲಿನ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದಿದ್ದರು. ಎರಡು ಕೋಣೆ ನೋಡಿ ನನಗೊಂದು ಆಸೆ ಹುಟ್ಟಿತು. ಅತ್ತೆ ಬಾಗಿಲಲ್ಲೇ ನಿಂತು ಅದನ್ನು ಮುಗಿಸಿದರು: "ಗಂಡಸರೆಲ್ಲ ಆ ಕಡೀಗೆ, ಹೆಣ್ಣಮಕ್ಕಳೆಲ್ಲ ಈ ಕಡೀಗೆ." ನಮ್ಮ ಮದುವೆಮನೆಗಳಲ್ಲಿ ಹಾಗೆ ಮಲಗುವುದು ಪದ್ಧತಿ. ಮದುವೆಮನೆಯಲ್ಲ ಇದು ಎಂದು ಯಾರು ಹೇಳಬೇಕು? ಸೊಸೆ ಹೇಳುವ ಮಾತೇ ಅದು? ಗಂಡ ಹಾಸಿಗೆ ಎತ್ತಿಕೊಂಡು ಕಾಕಾನ ಹಿಂದೆ ಹೋದರು. ಗಡಬಡಿಸಿ ಹೋದರು ಎಂದು ಈಗ ಅನಿಸುತ್ತದೆ.

ಮರುದಿನ ನಾನೇ ಮುಂದಾಳಾದೆ. ಫೋನು ಕೈಯಲ್ಲಿ ಹಿಡಿದು ಡ್ರೈವರನಿಗೆ ದಾರಿ ಹೇಳಿದೆ. ಜನ ಹೋಗುವ ಪಾಯಿಂಟು ಬ್ಯಾಡ, ನಾ ಹೇಳಿದ ಕಡೆ ನಡಿ ಎಂದೆ. ಆ ಹುಡುಗ ಕೈ ಚಾಚಿದ್ದ ಬಂಡೆಯ ಕಡೆಗೆ ಗಾಡಿ ತಿರುಗಿತು. ಸ್ವಲ್ಪ ದೂರ ಹೋಗಿ ನಿಂತಿತು. ಮುಂದೆ ಗಾಡಿಗಳ ಸಾಲು ತಿರುವಿನಾಚೆ ಕಾಣದಷ್ಟು ಉದ್ದ. ಇಳಿದು ನಡೆದೆವು. ಗುಪ್ತ ಜಾಗಕ್ಕೆ ಹೋಗುವ ದಾರಿಯುದ್ದಕ್ಕೂ ಮೆಕ್ಕೆತೆನೆ ಸುಡುವವರು, ಕುದುರೆಯವರು, ಬಲೂನಿಗೆ ಗುಂಡು ಹೊಡೆಸುವವರು. ಬಂಡೆಯ ಮೇಲೆ ಕೈ ಚಾಚಿ ನಿಲ್ಲಲು ಜನ ಪಾಳಿ ಹಚ್ಚಿದ್ದರು. ನನಗೆ ಅಳುವೇ ಬಂದಂತಾಯಿತು.

ಕಾಕಾ ಕಣಿವೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರು. "ಇಷ್ಟು ಜಾಗ ಖಾಲಿ ಬಿಟ್ಟಾರಲ್ಲ ಯವ್ವಾ. ಸಪಾಟ್ ಇದ್ದಿದ್ರ ತೊಗರಿ ಬಿತ್ತಬಹುದಿತ್ತು."

"ಕಾಕಾ, ಇದು ನೋಡಾಕ ಅದರಿ, ಬಿತ್ತಾಕಲ್ಲ."

"ನೋಡಿದೆನಲ್ಲ. ಇದೂ ಪಾಯಿಂಟು, ಅದೂ ಪಾಯಿಂಟು. ನಮ್ಮ ಹೊಲದ ಒಡ್ಡಿನ ಮ್ಯಾಲ ನಿಂತ್ರ ಅದೂ ಒಂದು ಪಾಯಿಂಟೇ."

ಅಷ್ಟರೊಳಗೆ ನನ್ನ ಗಂಡ ಎಲ್ಲಿ? ಲಾತೂರಿನ ಕಡೆಯ ಒಂದು ಕುಟುಂಬದ ನಡುವೆ ನಿಂತಿದ್ದರು. ಅವರೂ ತೊಗರಿ ಬೆಳೆಯುವವರು. ಯಾವ ಬೀಜ, ಯಾವ ಎಣ್ಣೆ ಎಂದು ಮಾತಾಗಿ ಇವರು ಅಲ್ಲೇ ರೊಟ್ಟಿಯ ಗಂಟು ಬಿಚ್ಚಿಸಿಯೇಬಿಟ್ಟರು. ಆ ಮನೆಯ ಯಜಮಾನಿ ನಮ್ಮ ಶೇಂಗಾ ಹಿಂಡಿಯನ್ನು ಹೊಗಳಿದಳು. ನಾನು ನಕ್ಕೆ. ಹಲ್ಲು ಮಾತ್ರ ನಕ್ಕದ್ದು.

ಮಧ್ಯಾಹ್ನ ಗುಪ್ತ ಜಲಪಾತಕ್ಕೆ ಹೊರಟೆವು. ಅಲ್ಲಿ ಜನ ಇರಲಿಲ್ಲ. ನನ್ನ ಎದೆ ಹಿಗ್ಗಿತು. ಕಲ್ಲು ಮೆಟ್ಟಿಲು ಇಳಿದು, ಅತ್ತೆಯ ಕೈ ಹಿಡಿದು ಇಳಿಸಿ, ಕೆಳಗೆ ಮುಟ್ಟಿದ ಮೇಲೆ ಜನ ಯಾಕಿಲ್ಲ ಎಂಬುದು ತಿಳಿಯಿತು. ನೀರೂ ಇರಲಿಲ್ಲ. ಒಂದು ಕಪ್ಪು ಬಂಡೆ, ಅದರ ಮೇಲೆ ಮಳೆಗಾಲದಲ್ಲಿ ನೀರು ಹರಿದ ಬಿಳಿ ಗುರುತು, ಕೆಳಗೆ ಖಾಲಿ ಬಾಟಲಿಗಳು. ವಿಡಿಯೊ ಮಳೆಗಾಲದ್ದು. ಏಪ್ರಿಲ್‌ನಲ್ಲಿ ಜಲಪಾತ ಹುಡುಕಿಕೊಂಡು ಬಂದ ನನ್ನಂಥ ಜಾಣೆ ಇನ್ನೊಬ್ಬಳಿದ್ದಾಳೆಯೇ?

ಕಾಕಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಒಣ ಬಂಡೆಯನ್ನು ಬಹಳ ಹೊತ್ತು ನೋಡಿದರು. "ಇದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನು? ನಮ್ಮ ಹಳ್ಳದಾಗೂ ಈಗ ನೀರಿಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಗಂಡನೂ ನಕ್ಕರು. ನಾನು ಯಾರ ಕಡೆಗೂ ನೋಡದೆ ಮೆಟ್ಟಿಲು ಹತ್ತಿದೆ. ಹಿಂದಿನಿಂದ ಇವರು "ಸಾವಕಾಶ ಹತ್ತು" ಎಂದರು. ಎಷ್ಟು ಸಿಟ್ಟು ಬಂದಿತ್ತೆಂದರೆ, ಬೇಕೆಂದೇ ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ನಾಳೆ ಮಧ್ಯಾಹ್ನ ವಾಪಸು ಹೊರಡುವುದಿತ್ತು. ಊರಿಗೆ ಹೋದರೆ ಮತ್ತೆ ಅದೇ ಅಂಗಡಿ, ಅದೇ ಮಾಳಿಗೆ, ಆಮೇಲೆ ಜೂನ್. ಬಾಯಿ ಬಿಡದಿದ್ದರೆ ನನ್ನನ್ನು ಮತ್ತೆ ದವಾಖಾನೆಯ ಆ ಹಸಿರು ಪರದೆಯ ಹಿಂದೆ ಮಲಗಿಸುತ್ತಾರೆ.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆಗೆ ಅಣಿಯಾದರು. ಪೂಜೆಯಾಗದೆ ಅವರು ಚಹಾ ಕೂಡ ಮುಟ್ಟುವುದಿಲ್ಲ. ಊರಿಂದ ತಂದ ಹೂವೆಲ್ಲ ಬಾಡಿತ್ತು. "ಯವ್ವಾ, ಹೊರಗ ಎರಡು ಹೂ ಸಿಗ್ತಾವೇನು ನೋಡ" ಎಂದರು. ಮನೆಯಲ್ಲೂ ಚಾಕರಿ, ಇಲ್ಲೂ ಚಾಕರಿ ಎಂದು ಗೊಣಗುತ್ತ ಹೊರಬಿದ್ದೆ.

ಲಾಡ್ಜಿನ ಹಿಂದೆ ಬಟ್ಟೆ ಒಣಹಾಕುವ ತಂತಿ, ಅದರಾಚೆ ನೇರಳೆಮರಗಳು. ಮರಗಳ ನಡುವೆ ಒಂದು ಕಾಲುದಾರಿ ಇಳಿದಿತ್ತು. ಪೊದೆಗಳಲ್ಲಿ ಸಣ್ಣ ಬಿಳಿ ಹೂ ಕಂಡಿತು. ಒಂದೊಂದೇ ಬಿಡಿಸುತ್ತ ಇಳಿದೆ. ದಾರಿ ತಿರುಗಿತು, ಮತ್ತೆ ತಿರುಗಿತು, ಥಟ್ಟನೆ ಮುಗಿಯಿತು. ಎದುರಿಗೆ ಬಂಡೆಯ ಸಂದಿಯಿಂದ ಬೆರಳು ದಪ್ಪದ ನೀರು ಇಳಿದು ಒಂದು ಹಳೆಯ ಕಲ್ಲಿನ ಬಾನಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಇಬ್ಬರು ಕೂರುವಷ್ಟು ಅಗಲದ ಕಲ್ಲು. ಕಲ್ಲಿನ ಮುಂದೆ ಏನೂ ಇಲ್ಲ, ಬರೀ ಕಣಿವೆ, ಅದರ ಆಚೆಗೆ ಬೆಟ್ಟದ ಹಿಂದೆ ಬೆಟ್ಟ. ಒಂದು ಬೋರ್ಡಿಲ್ಲ, ಕಬ್ಬಿಣದ ಕಟಕಟೆಯಿಲ್ಲ, ಒಂದು ಚಿಪ್ಸಿನ ಪೊಟ್ಟಣವೂ ಬಿದ್ದಿಲ್ಲ. ಯಾವ ವಿಡಿಯೊದವನ ಕಣ್ಣಿಗೂ ಬೀಳದೆ, ನಮ್ಮ ಲಾಡ್ಜಿನ ಬಟ್ಟೆ ತಂತಿಯ ಹಿಂದೆಯೇ ಇತ್ತು. "ಅಯ್ಯ ನನ್ನ ಶಿವನೇ" ಎಂದು ಬಾಯಿಬಿಟ್ಟೇ ಅಂದೆ. ನಿನ್ನೆಯಿಡೀ ಊರೆಲ್ಲ ಸುತ್ತಿದ್ದು ನೆನೆದು ನಗುವೂ ಬಂತು, ಹೊಟ್ಟೆಯುರಿಯೂ ಆಯಿತು.

ಏದುಸಿರು ಬಿಡುತ್ತ ಮೇಲೆ ಬಂದೆ. ಗಂಡಸರು ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅತ್ತೆಯ ಕೈಗೆ ಹೂ ಕೊಟ್ಟು ಹೊರಗೆ ಬಂದು ಗಂಡನಿಗೆ ಹೇಳಿದೆ: "ಏನ್ರಿ, ಜರಾ ಬರ್ರಿ. ಹಿಂದ ಒಂದು ಜಾಗ ನೋಡೇನಿ, ಭಾಳ ಚಲೋ ಅದ."

"ಹೌದೇನು?" ಎಂದು ಎದ್ದರು. ಎದ್ದವರೇ ತಿರುಗಿದರು. "ಕಾಕಾ, ನಡ್ರಿ ನೀವೂ. ಏ ತಂಗೀ, ಹುಡುಗರನ್ನ ಕರಕೊಂಡು..."

"ಒಬ್ಬರೂ ಬರೂದು ಬ್ಯಾಡ!"

ಅದು ಕಡೆಯ ಬೆಂಚಿನ ತನಕ ಮುಟ್ಟುವ ನನ್ನ ಶಾಲೆಯ ದನಿ. ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕಾಕಾ ಚಹಾದ ಬಸಿಯನ್ನು ತುಟಿಯ ಹತ್ತಿರ ಹಿಡಿದವರು ಹಾಗೆಯೇ ಉಳಿದರು. ನನ್ನ ಕಿವಿ ಬಿಸಿಯಾಯಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಳಗಿನಿಂದ ಅತ್ತೆಯ ದನಿ ಬಂತು. "ಹೋಗ್ಲೇ ಆಕಿ ಕೂಡ. ಎಲ್ಲಾ ಕಡೀಗೂ ಮಂದಿ ಯಾಕ ಬೇಕ ನಿನಗ? ನಮ್ಮ ಪೂಜಿ ಆಗೂದದ ಇನ್ನೂ." ಅಷ್ಟು ಹೇಳಿ ಅವರು ಪೂಜೆಗೆ ಕುಳಿತರು.

ಇವರು ರೊಟ್ಟಿಯ ಗಂಟನ್ನೂ ಹಿಂಡಿಯ ಡಬ್ಬಿಯನ್ನೂ ಎತ್ತಿಕೊಂಡು ಹೊರಟರು. ರೊಟ್ಟಿ ಯಾಕೆ ಎಂದು ನಾನು ಕೇಳಲಿಲ್ಲ. ಬರಿಗೈಲಿ ಬರಲು ಅವರಿಗೆ ಆಗುತ್ತಿರಲಿಲ್ಲವೇನೋ. ದಾರಿಯುದ್ದಕ್ಕೂ ಲಾಡ್ಜಿನ ನಲ್ಲಿ ಸೋರುತ್ತದೆ, ಗಾಡಿಯ ಟೈರು ಸವೆದಿದೆ ಎಂದು ಬಿಡುವಿಲ್ಲದೆ ಮಾತಾಡಿದರು. ಕಲ್ಲಿನ ಮೇಲೆ ಕುಳಿತ ಮೇಲೆ ಮಾತು ತೀರಿತು.

ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಜೂನಿನಾಗ ನಾ ಹೈದ್ರಾಬಾದಕ್ಕ ಬರಂಗಿಲ್ರಿ" ಎಂದೆ. "ಆಮ್ಯಾಲೂ ಬರಂಗಿಲ್ಲ. ನನಗ ಸಾಕಾಗ್ಯದ."

ಇವರು ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದರು. ಮುರಿದ ಎರಡು ತುಂಡುಗಳನ್ನೂ ಮತ್ತೆ ಗಂಟಿನೊಳಗೇ ಇಟ್ಟರು.

"ಗೊತ್ತಿತ್ತು" ಎಂದರು.

"ಏನ್ ಗೊತ್ತಿತ್ತು?"

"ನೀ ಇದನ್ನೇ ಹೇಳ್ತಿ ಅಂತ. ಒಂದು ಮಾತಾಡೂದದ ಅಂದ್ಯಲ್ಲ, ಅವತ್ತೇ ತಿಳೀತು."

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಹೊಳೆಯಿತು. ಅತ್ತೆ, ಕಾಕಾ, ಕಾಕು, ನಾದಿನಿ, ಲಾತೂರಿನವರು, ಪಂಕ್ಚರ್‌ನವನು. "ಹಂಗಾರ ಇಷ್ಟು ಮಂದೀನ ಕರದದ್ದು..."

"ಅಂಜಿಕಿ ಬಂತು" ಎಂದರು ಇವರು ಕಣಿವೆಯ ಕಡೆ ನೋಡುತ್ತ. "ಅವ್ವನ್ನ ಕರದೆ, ಜರಾ ಧೈರ್ಯ ಆತು. ಕಾಕಾನ್ನ ಕರದೆ, ಮತ್ತ ಜರಾ ಆತು. ನೀ ಬಾಯಿ ಬಿಟ್ಟು ಹೇಳಿಬಿಟ್ಟಿ ಅಂದ್ರ ಮುಗದಹೋಗ್ತದಲ್ಲ. ಹೇಳೂ ತನಕಾ ಮುಗದಿರಲಿಲ್ಲ."

ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಬಂದದ್ದು ಕೆಂಡದಂಥ ಸಿಟ್ಟು. "ಎಂಥಾ ಮನಷ್ಯಾರದೀರಿ ನೀವು! ನಾ ಒಬ್ಬಾಕೀನೇ ಇದನ್ನ ಹೊಟ್ಟ್ಯಾಗ ಇಟಗೊಂಡು ತಿರಗಾಕತ್ತೇನಿ, ನೀವು ಮಂದೀನ ಕರದು ಅಡ್ಡ ಗ್ವಾಡಿ ಕಟ್ಟಾಕತ್ತೀರಿ! ಸೂಜಿ ಚುಚ್ಚಿಸಿಕೊಂಡವರು ಯಾರು? ನಾನಾ ಇಲ್ಲಾ ನೀವಾ? ಗೊತ್ತಿತ್ತಂತ! ಗೊತ್ತಿದ್ರ ನೀವೇ ಬಂದು ಬ್ಯಾಡ ಬಿಡು ಅನ್ನಾಕ ನಿಮ್ಮ ಬಾಯಿಗೇನ್ ಆಗಿತ್ತು?"

ಆ ರೊಟ್ಟಿಯ ಗಂಟನ್ನು ಎತ್ತಿ ಕಣಿವೆಗೆ ಎಸೆಯಬೇಕೆನಿಸಿತು. ಬಡಿದ ಕೈ ನನ್ನದೇ ಆದ್ದರಿಂದ ಎಸೆಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಎಷ್ಟೋ ತಿಂಗಳಿಂದ ಅಳಲೂ ಜಾಗ ಸಿಕ್ಕಿರಲಿಲ್ಲ.

ಇವರು ನನ್ನನ್ನು ಸುಮ್ಮನಿರಿಸಲು ಬರಲಿಲ್ಲ. ನನ್ನ ಅಳು ಇಳಿದ ಮೇಲೆ, "ಮನ್ಯಾಗ ಗದ್ದಲ ಇದ್ರ ನನಗ ಚಲೋ ಅನಸ್ತದ. ಯಾರರೆ ಬರ್ಲಿ, ಕೂಡ್ಲಿ, ಉಣ್ಲಿ ಅನಸ್ತದ" ಎಂದರು. ಆಮೇಲೆ, "ಆತು. ಇನ್ನ ಎಲ್ಲೀಗೂ ಹೋಗೂದು ಬ್ಯಾಡ. ನಾನೇ ಅವ್ವಗ ಹೇಳ್ತೇನಿ" ಎಂದರು.

ಆ ಮಾತು ಕೇಳಲೆಂದೇ ನಾನು ಅಷ್ಟು ಹೆಣಗಿದ್ದೆ. ಕೇಳಿದ ಮೇಲೆ ಹಗುರವಾಗಲಿಲ್ಲ. ಮನೆಯ ಒಂದು ಕೋಣೆಗೆ ನಾವಿಬ್ಬರೂ ಸೇರಿ ಬೀಗ ಹಾಕಿದಂತಾಯಿತು. ಕೈಗೆ ಸಿಕ್ಕ ರೊಟ್ಟಿಯ ತುಂಡನ್ನು ಹಿಂಡಿಯಲ್ಲಿ ಅದ್ದಿ ಅವರ ಕೈಗೆ ಕೊಟ್ಟೆ. ಇಬ್ಬರೂ ತಿಂದೆವು. ಬಾನಿಯ ನೀರು ಕುಡಿದೆವು. ಅದು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಮೇಲಿನಿಂದ ಕೂಗು ಕೇಳಿಸಿತು. ಕಾಕಾ ನೇರಳೆಮರಗಳ ಹತ್ತಿರ ನಿಂತು, ಹೊಲದಲ್ಲಿ ಆಚೆ ದಂಡೆಯವರನ್ನು ಕರೆಯುವಂತೆ ಕರೆಯುತ್ತಿದ್ದರು: "ಏ ತಮ್ಮಾ! ಎಲ್ಲಿದ್ದೀರಿಲೇ? ಪೂಜಿ ಮುಗೀತು, ಬರೂಣೇನು ನಾವು?" ಹಿಂದೆ ಮಕ್ಕಳ ಗಲಾಟೆ, ಅತ್ತೆಯ ದನಿಯೂ ಇತ್ತು.

ನಾನು ಗಂಡನ ಕಡೆ ನೋಡಿದೆ. ದಾರಿಹೋಕರನ್ನೂ ಬಿಡದೆ ಕರೆಯುವ ಆ ಬಾಯಿ ತೆರೆಯಿತು. ದನಿ ಹೊರಡಲಿಲ್ಲ. ಮತ್ತೆ ತೆರೆದರು. ಮತ್ತೆ ಮುಚ್ಚಿದರು. ಹೆಗಲ ಮೇಲಿನ ಟವೆಲನ್ನು ತೆಗೆದು ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು.

ಕಾಕಾ ಮತ್ತೊಮ್ಮೆ ಕೂಗಿದರು. ಇವರು ಉತ್ತರ ಕೊಡುವಂತಿರಲಿಲ್ಲ. ಮುಖ ತೊಳೆದುಕೊಳ್ಳಲಿ ಎಂದು ಬಾನಿಯಿಂದ ಒಂದು ಬೊಗಸೆ ನೀರು ಅವರ ಕೈಗೆ ಸುರಿದೆ. ಆಮೇಲೆ ಎದ್ದು ನಿಂತು ನನ್ನ ಶಾಲೆಯ ದನಿಯಲ್ಲಿ ನಾನೇ ಕೂಗಿದೆ:

"ಇಲ್ಲೇ ಅದೀವ್ರಿ ಕಾಕಾ! ಸಾವಕಾಶ ಇಳಕೋತ ಬರ್ರಿ. ಎಲ್ಲಾರೂ ಬರ್ರಿ."